ಮಾವನ ಎಕ್ಸ್‌ಪಿಗೆ ಒಬ್ಬ ದುಭಾಷಿ

‘ನೀ ಕಂಪ್ಯೂಟರ್ ಎಂಜಿನಿಯರಿಂಗ್ ಓದಾಕತ್ತಿ ಹೌದಲ್ಲೋ ಅಳಿಯಾ? ಹಂಗಾದ್ರ ಈ ಫೋಲ್ಡರ್ ಒಂದು ತಗದು ಕೊಡು ನೋಡೂಣು.’

ತುಳಸಿ ಲಗ್ನ ಮುಗಿದು ಮದುವೆ ಕಾರ್ಡುಗಳ ಹಂಗಾಮು ಶುರುವಾಗಿದ್ದ ವಾರ. ಗಂಗಾವತಿಯಲ್ಲಿ ನನ್ನ ಸೋದರಮಾವನದು ಸಣ್ಣ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ರೈಸ್‌ಮಿಲ್ಲುಗಳ ಬಿಲ್ ಬುಕ್ಕು, ಜಾತ್ರೆಯ ಹ್ಯಾಂಡ್‌ಬಿಲ್ಲು, ಹುಟ್ಟುಹಬ್ಬದ ಬ್ಯಾನರು, ಯಾರಾದರೂ ತೀರಿಕೊಂಡರೆ ಅವರ ಫೋಟೊ ಇರುವ ಕಾರ್ಡು... ಊರಿನ ಸುಖ ದುಃಖ ಎಲ್ಲವೂ ಆ ಹತ್ತು ಬೈ ಹನ್ನೆರಡರ ಕೋಣೆಯಲ್ಲಿ ಹಾಳೆಗೆ ಇಳಿಯುತ್ತವೆ.

ಅಲ್ಲಿ ಎರಡು ಕಂಪ್ಯೂಟರ್. ಮೂಲೆಯಲ್ಲಿರುವ ಹಳೆಯದರಲ್ಲಿ ವಿಂಡೋಸ್ ಎಕ್ಸ್‌ಪಿ. ನಾನು ಹುಟ್ಟುವ ಮೊದಲೇ, 2001ರಲ್ಲಿ ಬಂದದ್ದು ಅದು. ಅದರೊಳಗೆ ಪೇಜ್‌ಮೇಕರ್, ನುಡಿ ಫಾಂಟುಗಳು ಮತ್ತು ಮಾವನ ಹದಿನೈದು ವರ್ಷಗಳ ದುಡಿಮೆ. ಅದಕ್ಕೆ ಜೋಡಿಸಿರುವ ಲೇಸರ್ ಪ್ರಿಂಟರಿನದು ಅಗಲ ಬಾಯಿಯ ಹಳೆಯ ಪ್ಯಾರಲಲ್ ಪೋರ್ಟ್. ಹೊಸ ಕಂಪ್ಯೂಟರಿನಲ್ಲಿ ಅದನ್ನು ಸಿಕ್ಕಿಸಲು ಜಾಗವೇ ಇಲ್ಲ. ಹೊಸದರಲ್ಲಿ ವಿಂಡೋಸ್ 11. ಬಣ್ಣದ ಬ್ಯಾನರ್ ಕೆಲಸಕ್ಕೆಂದು ಕಂತಿನ ಮೇಲೆ ತಂದದ್ದು. ಎರಡರ ನಡುವಿನ ದೂರ ಆರಡಿ. ಎರಡೂ ಒಂದೇ ರೌಟರಿಗೆ ಜೋಡಣೆ. ಆದರೆ ಎಕ್ಸ್‌ಪಿಯಲ್ಲಿ ಶೇರ್ ಮಾಡಿಟ್ಟ ಫೋಲ್ಡರು ಹೊಸದರಲ್ಲಿ ತೆರೆಯುತ್ತಲೇ ಇರಲಿಲ್ಲ. ಮಾವ ಪೆನ್‌ಡ್ರೈವ್ ಹಿಡಿದು ದಿನಕ್ಕೆ ಮೂವತ್ತು ನಲವತ್ತು ಸಲ ಆ ಆರಡಿ ಓಡಾಡುತ್ತಿದ್ದ.

ನಾನು ಆಗ ಬಿಇ ಐದನೇ ಸೆಮಿಸ್ಟರ್. ಕಂಪ್ಯೂಟರ್ ನೆಟ್‌ವರ್ಕ್ಸ್ ಅದೇ ಸೆಮಿಸ್ಟರಿನ ವಿಷಯ. ಓಎಸ್‌ಐ ಮಾದರಿಯ ಏಳು ಪದರಗಳನ್ನು ಮೇಲಿಂದ ಕೆಳಕ್ಕೂ ಕೆಳಗಿಂದ ಮೇಲಕ್ಕೂ ಬಾಯಿಪಾಠ ಹೇಳಬಲ್ಲವನಾಗಿದ್ದೆ. ಆ ಪದರಗಳು ಪರೀಕ್ಷೆಯ ಹಾಳೆ ಬಿಟ್ಟು ಬೇರೆಡೆಯೂ ಇರುತ್ತವೆ ಎಂಬುದು ಮಾತ್ರ ಗೊತ್ತಿರಲಿಲ್ಲ.

ಎಲ್ಲ ಆಫ್, ಕೆಲಸ ಓಕೆ

ಹೊಸ ಕಂಪ್ಯೂಟರಿನಲ್ಲಿ ಹಳೆಯದರ ಹೆಸರು ಒತ್ತಿದರೆ ಒಂದು ಪೆಟ್ಟಿಗೆ ತೆರೆದುಕೊಂಡು, ‘ಈ ಫೋಲ್ಡರಿಗೆ ಎಸ್‌ಎಂಬಿ1 ಎಂಬ ಹಳೆಯ ಪ್ರೋಟೊಕಾಲ್ ಬೇಕು, ಅದು ಸುರಕ್ಷಿತವಲ್ಲ’ ಎಂಬರ್ಥದ ಮಾತು ಹೇಳುತ್ತಿತ್ತು. ಅಷ್ಟು ಸ್ಪಷ್ಟವಾಗಿ ಕಾರಣ ಹೇಳುವ ದೋಷ ಸಂದೇಶ ಸಿಗುವುದೇ ಅಪರೂಪ. ನಾನು ಅದನ್ನು ಅರ್ಧ ಓದಿ ಮುಚ್ಚಿದೆ. ಮೊಬೈಲಿನಲ್ಲಿ ಒಂದು ವಿಡಿಯೊ ಹುಡುಕಿದೆ. ಅದರಲ್ಲಿ ಹೇಳಿದ ಹಾಗೆ ಒಂದೊಂದೇ ಮಾಡುತ್ತ ಹೋದೆ.

ಎಸ್‌ಎಂಬಿ1 ಆನ್ ಮಾಡಿದೆ. ಆಗಲಿಲ್ಲ. ಎರಡೂ ಕಡೆ ಫೈರ್‌ವಾಲ್ ಆಫ್ ಮಾಡಿದೆ. ಆಗಲಿಲ್ಲ. ಪಾಸ್‌ವರ್ಡ್ ಇಲ್ಲದ ಅತಿಥಿಗೂ ಪ್ರವೇಶ ಕೊಡು ಎಂದೆ. ಕೊನೆಗೆ ಎಕ್ಸ್‌ಪಿಯ ಫೋಲ್ಡರಿಗೆ ‘ಎವ್ರಿಒನ್, ಫುಲ್ ಕಂಟ್ರೋಲ್’ ಕೊಟ್ಟೆ. ಅಂದರೆ ಯಾರು ಬೇಕಾದರೂ ಬರಬಹುದು, ಏನು ಬೇಕಾದರೂ ಮಾಡಬಹುದು. ಫೋಲ್ಡರು ತಟ್ಟನೆ ತೆರೆಯಿತು.

ಮಾವ ಪೆನ್‌ಡ್ರೈವನ್ನು ಗೋಡೆಯ ಮೊಳೆಗೆ ನೇತುಹಾಕಿ, ಬಂದ ಗಿರಾಕಿಗಳಿಗೆಲ್ಲ ‘ನಮ್ಮ ಅಳಿಯ ಮಾಡ್ಯಾನ’ ಎಂದು ಹೇಳಿದ್ದೇ ಹೇಳಿದ್ದು. ಮೇಲಂತಸ್ತಿನಲ್ಲಿ ಒಂದು ಫೋಟೊ ಸ್ಟುಡಿಯೊ ಇದೆ. ಇಂಟರ್‌ನೆಟ್ ಬಿಲ್ಲು ಇಬ್ಬರದೂ ಅರ್ಧರ್ಧ, ರೌಟರು ಒಂದೇ. ಅಲ್ಲಿಯ ಹುಡುಗ ಬಂದು, ‘ಅಣ್ಣಾ, ಕಾರ್ಡಿಗೆ ಹಾಕೋ ಫೋಟೊ ನಾನೂ ಸೀದಾ ಅದರಾಗ ಹಾಕ್ತೀನಿ, ನನಗೂ ಮಾಡಿಕೊಡ್ರಿ’ ಎಂದ. ಅವನ ಕಂಪ್ಯೂಟರಿನಲ್ಲೂ ಅದೇ ಫೋಲ್ಡರನ್ನು ‘ಝಡ್ ಡ್ರೈವ್’ ಎಂದು ಕೂಡಿಸಿಕೊಟ್ಟೆ. ಮಾವ ಚಹಾ, ಮಿರ್ಚಿ ತರಿಸಿದ. ಸಂಜೆಯ ಬಸ್ಸಿಗೆ ಕೊಪ್ಪಳಕ್ಕೆ ಹೊರಟೆ. ಗಿಣಿಗೇರಿ ದಾಟುವವರೆಗೂ ನಾನೇ ದೊಡ್ಡ ಎಂಜಿನಿಯರ್ ಎಂಬ ಗುಂಗು ಇಳಿದಿರಲಿಲ್ಲ.

ಜನವರಿಯ ಒಂದು ಫೋನು

ಗವಿಮಠದ ಜಾತ್ರೆಯ ದಿನಗಳು. ಕೊಪ್ಪಳದ ತುಂಬ ಜನವೋ ಜನ. ಆ ಗದ್ದಲದ ನಡುವೆ ಮಾವನ ಫೋನು ಬಂತು. ದನಿ ಸಣ್ಣಗಿತ್ತು.

‘ಅಳಿಯಾ, ಮಾಸ್ತರ ಪುಸ್ತಕ ಕಾಣವಲ್ದು.’

ಮಾಸ್ತರೆಂದರೆ ಕನಕಗಿರಿ ಕಡೆಯ ಹಳ್ಳಿಯೊಬ್ಬರು. ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕರು. ತಮ್ಮ ಊರ ಸುತ್ತಲಿನ ಅಜ್ಜಿಯರಿಂದ ಬೀಸುವ ಪದ, ಕುಟ್ಟುವ ಪದ, ಸೋಬಾನೆ ಪದಗಳನ್ನು ಕೇಳಿ ಕೇಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದರು. ಪಿಂಚಣಿಯ ದುಡ್ಡಿನಲ್ಲಿ ಅದನ್ನು ಪುಸ್ತಕ ಮಾಡುವ ಆಸೆ. ಒಂದೂವರೆ ವರ್ಷದಿಂದ ಮಾವನ ಅಂಗಡಿಗೆ ಬಂದು ಕುಳಿತು, ಪುಟ ಪುಟವನ್ನೂ ಮೂರು ಸಲ ತಿದ್ದಿಸಿದ್ದರು. ಹಾಡಿದ ಅಜ್ಜಿಯರಲ್ಲಿ ಕೆಲವರು ಆಗಲೇ ತೀರಿಕೊಂಡಿದ್ದರು. ಆ ಪುಸ್ತಕದ ಫೈಲುಗಳು ಎಕ್ಸ್‌ಪಿಯಲ್ಲಿ ‘ಹಳೇ ಪದ’ ಎಂಬ ಫೋಲ್ಡರಿನಲ್ಲಿದ್ದವು.

ವಿಚಾರಿಸಿದರೆ ಆದದ್ದು ಇಷ್ಟೇ. ಸ್ಟುಡಿಯೊದ ಹುಡುಗನಿಗೆ ಝಡ್ ಡ್ರೈವ್ ತುಂಬಿದೆ ಎಂಬ ಸೂಚನೆ ಬಂದಿದೆ. ಅದು ತನ್ನದೇ ಡಿಸ್ಕಿನ ಒಂದು ಭಾಗ ಎಂದು ತಿಳಿದು ಅವನು ಕಸ ತೆಗೆಯಲು ಕುಳಿತಿದ್ದಾನೆ. ‘ಹಳೇ’ ಎಂದು ಶುರುವಾಗುವ ಫೋಲ್ಡರು ಕಂಡಿದೆ. ಅಳಿಸಿದ್ದಾನೆ. ನಮ್ಮ ಕಂಪ್ಯೂಟರಿನಲ್ಲೇ ಅಳಿಸಿದ ಫೈಲು ರೀಸೈಕಲ್ ಬಿನ್‌ಗೆ ಹೋಗುತ್ತದೆ, ಬೇಕೆಂದರೆ ವಾಪಸ್ ತರಬಹುದು. ಬೇರೆ ಕಂಪ್ಯೂಟರಿನ ಶೇರ್ ಫೋಲ್ಡರಿನಿಂದ ಅಳಿಸಿದ ಫೈಲಿಗೆ ಆ ಬುಟ್ಟಿಯೂ ಇಲ್ಲ. ಅದು ನೇರ ಹೋಗಿಯೇ ಬಿಡುತ್ತದೆ.

ಹುಡುಗನ ತಪ್ಪು ಎಂದು ಮಾವ ರೇಗುತ್ತಿದ್ದ. ತಪ್ಪು ಅವನದಲ್ಲ. ಮನೆಯ ಬಾಗಿಲು, ಹಿತ್ತಿಲು, ಕಪಾಟು ಎಲ್ಲ ತೆರೆದಿಟ್ಟು, ಕೀಲಿಯ ಗೊಂಚಲನ್ನೂ ಅವನ ಕೈಗೆ ಕೊಟ್ಟು ಬಂದವನು ನಾನು.

ಮರುದಿನ ಬೆಳಗಿನ ಬಸ್ಸಿಗೆ ಗಂಗಾವತಿಗೆ ಹೋದೆ. ಅಳಿಸಿದ ಫೈಲು ಡಿಸ್ಕಿನಿಂದ ಆ ಕ್ಷಣವೇ ಮಾಯವಾಗುವುದಿಲ್ಲ. ‘ಈ ಜಾಗ ಖಾಲಿ’ ಎಂಬ ಗುರುತು ಬೀಳುತ್ತದೆ, ಅಷ್ಟೇ. ಅದರ ಮೇಲೆ ಹೊಸದನ್ನು ಬರೆಯುವವರೆಗೆ ಹಳೆಯದು ಅಲ್ಲೇ ಇರುತ್ತದೆ. ಆದರೆ ಫೈಲು ಹೋಗಿ ಮೂರು ದಿನವಾದ ಮೇಲೆ ಮಾವನಿಗೆ ಗೊತ್ತಾಗಿತ್ತು. ಆ ಮೂರು ದಿನವೂ ಜಾತ್ರೆಯ ಕೆಲಸ ಅದೇ ಕಂಪ್ಯೂಟರಿನಲ್ಲಿ ನಡೆದಿತ್ತು. ಎಕ್ಸ್‌ಪಿಯನ್ನು ಬಂದ್ ಮಾಡಿ, ಡಿಸ್ಕ್ ಬಿಚ್ಚಿ, ಗೆಳೆಯನಿಂದ ಕಡ ತಂದ ಯುಎಸ್‌ಬಿ ಕನ್ವರ್ಟರಿನಿಂದ ನನ್ನ ಉಬುಂಟು ಲ್ಯಾಪ್‌ಟಾಪಿಗೆ ಜೋಡಿಸಿದೆ. ಟೆಸ್ಟ್‌ಡಿಸ್ಕ್ ಎಂಬ ಉಚಿತ ತಂತ್ರಾಂಶದಿಂದ ರಾತ್ರಿಯಿಡೀ ಹುಡುಕಿದೆ. ಪುಸ್ತಕದ ಮುಕ್ಕಾಲು ಭಾಗ ಸಿಕ್ಕಿತು. ಉಳಿದದ್ದರ ಮೇಲೆ ಬ್ಯಾನರಿನ ಚಿತ್ರಗಳು ಕುಳಿತಿದ್ದವು.

ಸಿಕ್ಕ ಫೈಲುಗಳು ನನ್ನ ಲ್ಯಾಪ್‌ಟಾಪಿನಲ್ಲಿ ತೆರೆದರೂ ಓದಲು ಬರಲಿಲ್ಲ. ಇಂಗ್ಲಿಷ್ ಅಕ್ಷರ, ಆವರಣ ಚಿಹ್ನೆ, ಅಲ್ಪವಿರಾಮಗಳ ಕಿಚಡಿ. ನುಡಿಯ ಹಳೆಯ ಫಾಂಟುಗಳು ಕನ್ನಡ ಅಕ್ಷರಗಳನ್ನು ಇಂಗ್ಲಿಷ್ ಅಕ್ಷರಗಳ ಸಂಕೇತದ ಜಾಗದಲ್ಲೇ ಕೂರಿಸಿರುತ್ತವೆ. ಆ ಫಾಂಟು ಇಲ್ಲದ ಕಂಪ್ಯೂಟರಿಗೆ ಅದು ಕನ್ನಡ ಎಂಬುದೇ ಗೊತ್ತಾಗುವುದಿಲ್ಲ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ತನ್ನದೇ ಸಂಕೇತಗಳಿರುವುದರಿಂದ ಈ ತಾಪತ್ರಯವಿಲ್ಲ. ಫೋಲ್ಡರು ತೆರೆಯುವುದು ಒಂದು, ಒಳಗಿನದು ಓದಲು ಸಿಗುವುದು ಇನ್ನೊಂದು ಎಂದು ಆ ರಾತ್ರಿ ತಿಳಿಯಿತು. ಓಎಸ್‌ಐ ಮಾದರಿಯ ಆರನೆಯ ಪದರದ ಹೆಸರು ಪ್ರೆಸೆಂಟೇಶನ್. ಇಂತಹ ಸಂಕೇತಗಳ ಕೆಲಸಕ್ಕೆಂದೇ ಇರುವ ಪದರ ಅದು. ನಾನು ಪರೀಕ್ಷೆಯಲ್ಲಿ ಅದರ ಬಗ್ಗೆ ಎರಡು ಸಾಲು ಬರೆದು ಅಂಕ ಪಡೆದಿದ್ದೆ.

ಸಿಗದೆ ಹೋದ ನಲವತ್ತಕ್ಕೂ ಹೆಚ್ಚು ಪುಟಗಳನ್ನು ಆಮೇಲಿನ ನಾಲ್ಕು ಭಾನುವಾರ ನಾನೇ ಟೈಪ್ ಮಾಡಿದೆ. ಮಾಸ್ತರು ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ನೋಟ್‌ಬುಕ್ಕಿನಿಂದ ಓದುತ್ತಿದ್ದರು. ಕೆಲವು ಪದಗಳನ್ನು ಓದಲಾರದೆ ಹಾಡಿಯೇ ಬಿಡುತ್ತಿದ್ದರು. ಬೈದರೆ ಹಗುರಾಗುತ್ತಿತ್ತು, ಅವರು ಬೈಯಲಿಲ್ಲ. ಮೂರನೆಯ ಭಾನುವಾರ ಮಾತ್ರ, ‘ತಮ್ಮಾ, ಮೊದಲ ಸಲ ತಿದ್ದಿದ್ದು ಎಲ್ಲಾ ನೆನಪಿಲ್ಲ ನೋಡು. ಇಲ್ಲೊಂದು ಸಾಲು ಆ ಮುದುಕಿ ಹೆಂಗ ಹಾಡಿದ್ಲು ಅಂತ ಮತ್ತ ಕೇಳಿ ತಿದ್ದಿದ್ದೆ. ಈಗ ಕೇಳಾಕ ಆಕಿ ಇಲ್ಲ’ ಎಂದರು. ನಾನು ಕೀಬೋರ್ಡಿನಿಂದ ತಲೆ ಎತ್ತಲಿಲ್ಲ.

ಸಂದೇಶವನ್ನು ಪೂರ್ತಿ ಓದಿದಾಗ

ಆ ದಿನಗಳಲ್ಲೇ ನಾನು ಮುಚ್ಚಿಬಿಟ್ಟಿದ್ದ ಆ ಪೆಟ್ಟಿಗೆಯ ಮಾತಿಗೆ ಹಿಂದಿರುಗಿದೆ. ಎಸ್‌ಎಂಬಿ1 ಎಂದರೇನು, ಅದನ್ನು ಯಾಕೆ ಬಂದ್ ಮಾಡಿದ್ದಾರೆ?

ಒಂದು ಕಂಪ್ಯೂಟರಿನ ಫೋಲ್ಡರನ್ನು ಇನ್ನೊಂದು ಕೇಳುವಾಗ ಎರಡೂ ಒಂದು ಮಾತಿನ ರೀತಿಯನ್ನು ಒಪ್ಪಿಕೊಳ್ಳಬೇಕು. ಅದೇ ಪ್ರೋಟೊಕಾಲ್. 1980ರ ದಶಕದ ಆರಂಭದಲ್ಲಿ ಐಬಿಎಂ ಕಂಪನಿಯಲ್ಲಿ ಬ್ಯಾರಿ ಫೈಗನ್‌ಬಾಮ್ ಎಂಬುವರು ರೂಪಿಸಿದ್ದು ಎಸ್‌ಎಂಬಿ. ಮೈಕ್ರೊಸಾಫ್ಟ್ ಅದನ್ನು ಬೆಳೆಸಿತು. ವಿಂಡೋಸ್ ವಿಸ್ಟಾ ಜತೆ ಎರಡನೆಯ ಆವೃತ್ತಿ ಬಂತು. 2012ರಲ್ಲಿ ವಿಂಡೋಸ್ 8ರ ಜತೆ ಮೂರನೆಯದು ಬಂತು. ಈ ಆವೃತ್ತಿಗಳಿಗೆ ತಂತ್ರಜ್ಞರು ಇಟ್ಟಿರುವ ಹೆಸರೇ ‘ಡೈಲೆಕ್ಟ್’, ಅಂದರೆ ಉಪಭಾಷೆ. ಎರಡು ಕಂಪ್ಯೂಟರ್‌ಗಳು ಭೇಟಿಯಾದ ಕೂಡಲೇ ಒಂದು, ‘ನನಗೆ ಇಂತಿಂಥ ಉಪಭಾಷೆ ಬರುತ್ತವೆ’ ಎಂದು ಪಟ್ಟಿ ಕೊಡುತ್ತದೆ. ಇನ್ನೊಂದು ಅದರಲ್ಲಿ ತನಗೆ ಬರುವ ಒಂದನ್ನು ಆರಿಸುತ್ತದೆ. ಯಾವುದೂ ಹೊಂದದಿದ್ದರೆ ಮಾತುಕತೆ ಅಲ್ಲಿಗೇ ಮುಗಿಯಿತು. ಎಕ್ಸ್‌ಪಿಗೆ ಮೊದಲನೆಯದು ಬಿಟ್ಟರೆ ಬೇರೆ ಬರುವುದಿಲ್ಲ. ಹೊಸ ವಿಂಡೋಸ್ ಅದೊಂದನ್ನು ಮಾತಾಡಲು ಒಪ್ಪುವುದಿಲ್ಲ.

ಒಪ್ಪದಿರಲು ಕಾರಣವಿದೆ. 2017ರ ಮೇ 12ರಂದು ‘ವನ್ನಾಕ್ರೈ’ ಎಂಬ ಕುತಂತ್ರಾಂಶ ಜಗತ್ತಿನ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳನ್ನು ಹಿಡಿಯಿತು. ಫೈಲುಗಳಿಗೆ ಬೀಗ ಜಡಿದು, ಬಿಡಿಸಿಕೊಳ್ಳಲು ಹಣ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ರೋಗಿಗಳನ್ನು ವಾಪಸ್ ಕಳಿಸಬೇಕಾಯಿತು. ಅದು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹಾರಲು ಬಳಸಿದ್ದು ಎಸ್‌ಎಂಬಿ1ರಲ್ಲಿದ್ದ ಒಂದು ಬಿರುಕನ್ನು. ಆ ಬಿರುಕು ಮುಚ್ಚುವ ತೇಪೆಯನ್ನು ಮೈಕ್ರೊಸಾಫ್ಟ್ ಎರಡು ತಿಂಗಳ ಮೊದಲೇ, ಮಾರ್ಚ್‌ನಲ್ಲೇ ಕೊಟ್ಟಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಎಕ್ಸ್‌ಪಿಗೆ ಕಂಪನಿಯ ಬೆಂಬಲ 2014ರ ಏಪ್ರಿಲ್ 8ಕ್ಕೇ ಮುಗಿದಿತ್ತು. ಆದರೂ ಅನಾಹುತದ ತೀವ್ರತೆ ನೋಡಿ ಅದಕ್ಕೂ ಒಂದು ತೇಪೆ ಬಿಡುಗಡೆ ಮಾಡಿದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 10ರ ಆವೃತ್ತಿಯಿಂದ ಎಸ್‌ಎಂಬಿ1 ತಾನಾಗಿ ಬರುವುದು ನಿಂತಿತು.

ನಾನು ವಿಡಿಯೊ ನೋಡಿ ಆನ್ ಮಾಡಿದ್ದು ಆ ಬಾಗಿಲನ್ನು. ಜತೆಗೆ ಫೈರ್‌ವಾಲ್ ಬೇರೆ ಆಫ್. ನಮಗೆ ಹೋದದ್ದು ನಲವತ್ತು ಪುಟ. ಹದಿನೈದು ವರ್ಷದ ದುಡಿಮೆಗೆ ಬೀಗ ಬಿದ್ದಿದ್ದರೂ ಕೇಳುವವರಿರಲಿಲ್ಲ.

ಉರ್ದು ಕಾಗದ ಓದುವವರು

ಎಲ್ಲವನ್ನೂ ಮತ್ತೆ ಬಂದ್ ಮಾಡಿದೆ. ಪೆನ್‌ಡ್ರೈವ್ ಮೊಳೆಯಿಂದ ಇಳಿಯಿತು. ‘ಎಕ್ಸ್‌ಪಿ ತಗದು ಒಗೀಬೇಕು ಮಾವ’ ಎಂದೆ. ಮಾವನಿಗೆ ಅದು ಒಪ್ಪಿಗೆಯಿಲ್ಲ. ಹೊಸ ಪ್ರಿಂಟರು, ಹೊಸ ತಂತ್ರಾಂಶ, ಹಳೆಯ ಫೈಲುಗಳನ್ನೆಲ್ಲ ಬದಲಿಸುವ ಕೂಲಿ ಲೆಕ್ಕ ಹಾಕಿದರೆ ಅವನ ಮಾತೂ ಸುಳ್ಳಲ್ಲ.

ದಾರಿ ತೋರಿಸಿದ್ದು ಮಾವನೇ, ಅದೂ ಬೇರೇನೋ ಹೇಳಲು ಹೋಗಿ. ನಮ್ಮ ಭಾಗ 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಅಲ್ಲಿಯ ಆಡಳಿತ ಉರ್ದುವಿನಲ್ಲಿ. ಹಾಗಾಗಿ ನಮ್ಮ ಮನೆಯ ಹೊಲದ ಹಳೆಯ ಕಾಗದಗಳೂ ಉರ್ದುವಿನಲ್ಲಿವೆ. ‘ಪಾಲು ಮಾಡೋ ಮುಂದ ಆ ಕಾಗದ ಬೇಕಾದ್ವು. ಅಂತ ಹೇಳಿ ನಾವೇನು ಕಾಗದ ಹರದು ಒಗದ್ವೇನು? ನಮಗ ಉರ್ದು ಬರೂದಿಲ್ಲ, ಕಚೇರಿಯವರಿಗೂ ಬರೂದಿಲ್ಲ. ಎರಡೂ ಬಲ್ಲ ಒಬ್ಬ ಹಿರೇರನ್ನ ಹುಡಿಕಿಕೊಂಡು ಹೋದ್ವಿ. ಓದಿ ಕನ್ನಡದಾಗ ಬರಸಿಕೊಟ್ರು’ ಎಂದ.

ಎರಡೂ ಬಲ್ಲ ಒಬ್ಬ ನಡುವೆ ಕುಳಿತರೆ ಸಾಕು! ಕಂಪ್ಯೂಟರ್ ಲೋಕದಲ್ಲಿ ಅಂಥವನಿದ್ದಾನೆ. ಅವನ ಹೆಸರು ಸಾಂಬಾ.

ಸಾಂಬಾದ ಕಥೆ ನನ್ನಂಥ ವಿದ್ಯಾರ್ಥಿಯದೇ. ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಆಂಡ್ರೂ ಟ್ರಿಜೆಲ್ ಎಂಬ ಪಿಎಚ್.ಡಿ ವಿದ್ಯಾರ್ಥಿಗೆ ತನ್ನ ಪಿಸಿಯಿಂದ ಬೇರೆ ಜಾತಿಯ ಕಂಪ್ಯೂಟರಿನ ಫೈಲು ನೋಡಬೇಕಿತ್ತು. ಎರಡರ ನಡುವಿನ ಮಾತಿನ ವಿವರ ಕೈಯಲ್ಲಿರಲಿಲ್ಲ. ತಂತಿಯ ಮೇಲೆ ಹರಿಯುವ ಮಾತನ್ನೇ ಕದ್ದು ಕೇಳಿ, ಯಾವುದಕ್ಕೆ ಏನು ಉತ್ತರ ಬರುತ್ತದೆ ಎಂದು ಗಮನಿಸಿ ಬರೆದ ತಂತ್ರಾಂಶ ಅದು. 1992ರ ಆರಂಭದಲ್ಲಿ ಅದನ್ನು ಎಲ್ಲರಿಗೂ ಬಿಡುಗಡೆ ಮಾಡಿದರು. ಮೊದಲ ಹೆಸರು ಬೇರೊಂದು ಕಂಪನಿಯದ್ದೆಂದು ತಿಳಿದಾಗ, ಎಸ್, ಎಂ, ಬಿ ಮೂರೂ ಅಕ್ಷರ ಬರುವ ಪದವನ್ನು ಕಂಪ್ಯೂಟರಿನ ಪದಪಟ್ಟಿಯಲ್ಲಿ ಹುಡುಕಿಸಿ ‘ಸಾಂಬಾ’ ಎಂದು ಹೆಸರಿಟ್ಟರು. ಲಿನಕ್ಸ್ ಕಂಪ್ಯೂಟರು ವಿಂಡೋಸ್ ಜತೆ ಫೋಲ್ಡರು ಹಂಚಿಕೊಳ್ಳುವುದು ಇಂದಿಗೂ ಇದರಿಂದಲೇ.

ಅಟ್ಟದ ಮೇಲೆ ಬಿದ್ದಿದ್ದ ನಾಲ್ಕು ಜಿಬಿ ರ್‍ಯಾಮಿನ ಒಂದು ಹಳೆಯ ಡೆಸ್ಕ್‌ಟಾಪಿಗೆ ಲಿನಕ್ಸ್ ಹಾಕಿದೆ. ಅದಕ್ಕೆ ಇನ್ನೊಂದು ಲ್ಯಾನ್ ಕಾರ್ಡ್ ಕೂಡಿಸಿದೆ. ಈಗ ಅದಕ್ಕೆ ಎರಡು ಬಾಗಿಲು. ಒಂದರಿಂದ ಎಕ್ಸ್‌ಪಿಗೆ ನೇರ ಕೇಬಲ್. ಇನ್ನೊಂದರಿಂದ ರೌಟರಿಗೆ. ಎಕ್ಸ್‌ಪಿಯನ್ನು ರೌಟರಿನಿಂದ ಬಿಡಿಸಿಬಿಟ್ಟೆ. ಇನ್ನು ಅದಕ್ಕೆ ಇಂಟರ್‌ನೆಟ್ ಇಲ್ಲ, ಮೇಲಂತಸ್ತೂ ಇಲ್ಲ. ನಡುವಿನ ಯಂತ್ರ ಎಕ್ಸ್‌ಪಿಯ ಫೋಲ್ಡರನ್ನು ಎಸ್‌ಎಂಬಿ1ರಲ್ಲೇ ಕೇಳಿ ತನ್ನಲ್ಲಿ ಕೂಡಿಸಿಕೊಳ್ಳುತ್ತದೆ. ಈಗಿನ ಲಿನಕ್ಸ್ ಕೂಡ ತಾನಾಗಿ ಆ ಹಳೆಯ ಮಾತಾಡುವುದಿಲ್ಲ. ಆ ಒಂದು ಜೋಡಣೆಗೆ ಮಾತ್ರ ಆವೃತ್ತಿ 1.0 ಎಂದು ಬರೆದು ಹೇಳಬೇಕು. ಇನ್ನೊಂದು ಬಾಗಿಲಿನಿಂದ ಅದೇ ಫೋಲ್ಡರನ್ನು ವಿಂಡೋಸ್ 11ಕ್ಕೆ ಎಸ್‌ಎಂಬಿ3ರಲ್ಲಿ ತೋರಿಸುತ್ತದೆ. ಆರಡಿ ದೂರದ ಇಬ್ಬರ ನಡುವೆ ಒಬ್ಬ ದುಭಾಷಿ.

ಈ ಸಲ ಕೀಲಿಗಳನ್ನು ಎಣಿಸಿ ಕೊಟ್ಟೆ. ಮಾವನಿಗೆ ಒಂದು ಹೆಸರು, ಪಾಸ್‌ವರ್ಡ್, ಬರೆಯಬಹುದು, ಅಳಿಸಬಹುದು. ಸ್ಟುಡಿಯೊದ ಹುಡುಗನಿಗೆ ಬೇರೆ ಹೆಸರು. ಅವನಿಗೆ ಕಾಣುವುದು ‘ಫೋಟೊ’ ಎಂಬ ಒಂದೇ ಫೋಲ್ಡರು. ಸಾಂಬಾದಲ್ಲಿ ‘ರೀಸೈಕಲ್’ ಎಂಬ ಒಂದು ಜೋಡಿಕೆಯಿದೆ. ಅದನ್ನು ಹಾಕಿದರೆ ನೆಟ್‌ವರ್ಕಿನಿಂದ ಅಳಿಸಿದ ಫೈಲೂ ಒಂದು ಬುಟ್ಟಿಗೆ ಬೀಳುತ್ತದೆ. ಮೊದಲ ದಿನವೇ ಅದು ಗೊತ್ತಿದ್ದರೆ ಎಂದು ಎಷ್ಟು ಸಲ ಅಂದುಕೊಂಡಿದ್ದೇನೋ. ಪ್ರತಿ ರಾತ್ರಿ ಎಲ್ಲವೂ ಇನ್ನೊಂದು ಡಿಸ್ಕಿಗೆ ನಕಲಾಗುತ್ತದೆ. ಅದಕ್ಕೆ ಬಳಸುವುದು ಆರ್‌ಸಿಂಕ್ ಎಂಬ ತಂತ್ರಾಂಶ. ಅದನ್ನು ಬರೆದವರಲ್ಲಿ ಒಬ್ಬರು ಅದೇ ಟ್ರಿಜೆಲ್.

ಒಂದೊಂದೂರಿನ ಒಂದೊಂದು ಬೀಗ

ಮಾವನ ಪ್ರಚಾರದಿಂದ ನನಗೆ ಫೋನು ಬರುವುದು ನಿಂತಿಲ್ಲ. ಈಗ ನಾನು ಮೊದಲು ಏನನ್ನೂ ಆಫ್ ಮಾಡುವುದಿಲ್ಲ. ಬಾಯಿಪಾಠ ಮಾಡಿದ್ದ ಏಳು ಪದರಗಳನ್ನು ಕೆಳಗಿನಿಂದ ಒಂದೊಂದಾಗಿ ಮುಟ್ಟಿ ನೋಡುತ್ತೇನೆ. ಎಲ್ಲ ಕಡೆಯೂ ದೂರು ಒಂದೇ, ‘ಫೋಲ್ಡರ್ ತೆರೀವಲ್ದು.’ ಕಾರಣ ಮಾತ್ರ ಒಂದರಂತೆ ಇನ್ನೊಂದಿಲ್ಲ.

ಯಲಬುರ್ಗಾದ ಒಂದು ಗೊಬ್ಬರದ ಅಂಗಡಿಯಲ್ಲಿ ಎರಡೂ ಕಂಪ್ಯೂಟರು ಹೊಚ್ಚ ಹೊಸವು. ಉಪಭಾಷೆಯ ಜಗಳ ಇಲ್ಲ. ಒಂದರಲ್ಲಿ ನೆಟ್‌ವರ್ಕನ್ನು ‘ಪಬ್ಲಿಕ್’ ಎಂದು ಆರಿಸಿದ್ದರು. ಬಸ್‌ಸ್ಟ್ಯಾಂಡಿನ ವೈ-ಫೈಗೆ ಸೇರಿದಾಗ ಇರಬೇಕಾದ ಎಚ್ಚರ ಅದು. ಆಗ ವಿಂಡೋಸ್ ಯಾರಿಗೂ ಫೋಲ್ಡರು ತೋರಿಸುವುದಿಲ್ಲ. ‘ಪ್ರೈವೇಟ್’ ಮಾಡಿದೆ. ಆಮೇಲೆ ಪಾಸ್‌ವರ್ಡ್ ಕೇಳಿತು. ಅಂಗಡಿಯ ಕಾಕಾ ನಾಲ್ಕಂಕಿಯ ಪಿನ್ ಒತ್ತಿದರು. ತಪ್ಪು ಎಂದಿತು. ಪಿನ್ ಆ ಒಂದು ಯಂತ್ರದ ಮುಂದೆ ಕುಳಿತವರಿಗೆ ಮಾತ್ರ. ನೆಟ್‌ವರ್ಕಿನಿಂದ ಬರುವವರಿಗೆ ಖಾತೆಯ ನಿಜವಾದ ಪಾಸ್‌ವರ್ಡೇ ಬೇಕು. ಅದು ಅವರಿಗೆ ನೆನಪಿರಲಿಲ್ಲ. ಫೋಲ್ಡರಿಗೆಂದೇ ಬೇರೆ ಬಳಕೆದಾರನ ಹೆಸರು ಮಾಡಿಕೊಟ್ಟೆ.

ಕುಷ್ಟಗಿಯ ಒಂದು ಶಾಲೆಯ ಲ್ಯಾಬ್‌ನಲ್ಲಿ ಉಬುಂಟು ಕಂಪ್ಯೂಟರಿನ ಪಾಠಗಳ ಫೋಲ್ಡರು ಎಲ್ಲರಿಗೂ ತೆರೆಯುತ್ತಿತ್ತು. ಒಬ್ಬ ಮೇಡಂ ಅವರ ಹೊಸ ಲ್ಯಾಪ್‌ಟಾಪಿಗೆ ಮಾತ್ರ ಒಂದು ಅಪ್‌ಡೇಟ್ ಆದ ಮೇಲೆ ತೆರೆಯುವುದು ನಿಂತಿತ್ತು. 2024ರಲ್ಲಿ ಬಂದ ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಪ್ರೊ ಬಳಸುವವರಿಗೂ ಪಾಸ್‌ವರ್ಡ್ ಇಲ್ಲದ ಅತಿಥಿ ಪ್ರವೇಶ ತಾನಾಗಿ ಸಿಗುವುದಿಲ್ಲ. ಶಾಲೆಯ ಫೋಲ್ಡರು ಅಂಥ ಅತಿಥಿ ಫೋಲ್ಡರಾಗಿತ್ತು. ಸಾಂಬಾಕ್ಕೆ ತನ್ನದೇ ಪಾಸ್‌ವರ್ಡ್ ಪಟ್ಟಿ ಇರುತ್ತದೆ. ಉಬುಂಟುವಿನ ಪಾಸ್‌ವರ್ಡು ಅದಕ್ಕೆ ಗೊತ್ತಿರುವುದಿಲ್ಲ. ಆ ಪಟ್ಟಿಗೆ ‘ಶಿಕ್ಷಕರು’, ‘ಮಕ್ಕಳು’ ಎಂದು ಎರಡು ಹೆಸರು ಸೇರಿಸಿದೆವು. ಮಕ್ಕಳು ಓದಬಹುದು, ಅಳಿಸಲಾಗದು. ಮೇಡಂ, ‘ಮೊದಲು ಎಲ್ಲರೂ ಅಳಿಸಬಹುದಿತ್ತೇನು?’ ಎಂದು ಗಾಬರಿಯಾದರು.

ಕೊಪ್ಪಳದಲ್ಲಿ ನಮ್ಮದೇ ರೂಮಿನಲ್ಲಿ ಇನ್ನೊಂದು. ಗೆಳೆಯನ ಮ್ಯಾಕ್‌ಬುಕ್ಕಿಗೆ ನನ್ನ ಲಿನಕ್ಸ್ ಕಾಣಲೊಲ್ಲದು. ಆಪಲ್ ಕೂಡ 2013ರ ಆವೃತ್ತಿಯಿಂದ ಎಸ್‌ಎಂಬಿಯನ್ನೇ ಮುಖ್ಯವಾಗಿ ಬಳಸುತ್ತದೆ. ಹಾಗಾಗಿ ಭಾಷೆಯ ತೊಂದರೆ ಇರಲಾರದು. ಪಿಂಗ್ ಮಾಡಿದರೆ ಉತ್ತರವೇ ಇಲ್ಲ. ಮೊಬೈಲಿನ ಹಾಟ್‌ಸ್ಪಾಟಿಗೆ ಎರಡನ್ನೂ ಸೇರಿಸಿದರೆ ಕೂಡಲೇ ತೆರೆಯಿತು. ನಾವಿದ್ದ ವೈ-ಫೈಯಲ್ಲಿ ಒಬ್ಬರ ಯಂತ್ರ ಇನ್ನೊಬ್ಬರಿಗೆ ಕಾಣದಂತೆ ಬೇಕೆಂದೇ ಗೋಡೆ ಹಾಕಿದ್ದರು. ನೂರಾರು ಜನ ಬಳಸುವ ಕಡೆ ಅದು ಸರಿಯೇ. ಎರಡು ಗಂಟೆ ನಾನು ಪಾಸ್‌ವರ್ಡ್ ಬದಲಿಸುತ್ತ ಕುಳಿತಿದ್ದರೆ ಏನೂ ಆಗುತ್ತಿರಲಿಲ್ಲ.

ಎಲ್ಲವನ್ನೂ ಆಫ್ ಮಾಡಿದರೆ ಫೋಲ್ಡರು ತೆರೆಯುತ್ತದೆ, ನಿಜ. ಆದರೆ ಅದು ರಿಪೇರಿಯಲ್ಲ. ಏನು ಕೆಟ್ಟಿತ್ತು ಎಂದು ಗೊತ್ತಾಗುವುದಿಲ್ಲ. ಏನೇನು ಬಿಚ್ಚಿಟ್ಟಿದ್ದೇವೆ ಎಂಬುದೂ ಮರೆತುಹೋಗುತ್ತದೆ.

ಮಾಸ್ತರ ಪುಸ್ತಕ ಈ ಬೇಸಿಗೆಯಲ್ಲಿ ಬಂತು. ನನಗೊಂದು ಪ್ರತಿ ಕೊಟ್ಟಿದ್ದಾರೆ. ನಾನು ಟೈಪ್ ಮಾಡಿದ ಪುಟಗಳಲ್ಲಿ ಒಂದು ಸಾಲಿನ ಕೆಳಗೆ ಅವರೇ ಪೆನ್ಸಿಲಿನಿಂದ ಸಣ್ಣ ಗೆರೆ ಎಳೆದಿದ್ದಾರೆ. ಯಾವ ಸಾಲು ಎಂದು ನನಗೆ ಗೊತ್ತು. ಅದರ ಬಗ್ಗೆ ಅವರೂ ಮಾತಾಡಿಲ್ಲ, ನಾನೂ ಕೇಳಿಲ್ಲ.

ಗಂಗಾವತಿಗೆ ಹೋದಾಗಲೆಲ್ಲ ನಡುವಿನ ಯಂತ್ರದ ಅಳಿಸಿದ ಫೈಲುಗಳ ಬುಟ್ಟಿಯನ್ನು ಒಮ್ಮೆ ನೋಡಿ ಬರುತ್ತೇನೆ. ಕಳೆದ ಸಲ ಅದರಲ್ಲಿ ಒಂದು ಇಡೀ ಲಗ್ನಪತ್ರಿಕೆ ಬಿದ್ದಿತ್ತು, ಮರುದಿನವೇ ಪ್ರಿಂಟ್ ಆಗಬೇಕಾದದ್ದು. ಅಳಿಸಿದವರ ಹೆಸರು ನೋಡಿ ಮಾವನ ಮುಖ ನೋಡಿದೆ.

‘ಯಾರಂತ ಕೇಳಬ್ಯಾಡ. ಸುಮ್ಮ ತಗದು ಕೊಡು’ ಎಂದ.

ಫೋಲ್ಡರ್ ತೆರೆಯದಿದ್ದಾಗ ನೋಡಬೇಕಾದ ಕ್ರಮ

* ಎರಡೂ ಯಂತ್ರಗಳು ಒಂದೇ ರೌಟರಿನಲ್ಲಿವೆಯೇ? ಕೇಬಲ್ ಗಟ್ಟಿಯಾಗಿ ಕುಳಿತಿದೆಯೇ?

* ಐಪಿ ವಿಳಾಸ ನೋಡಿಕೊಂಡು ಪಿಂಗ್ ಮಾಡಿ. ಉತ್ತರ ಬಂದರೆ ದಾರಿ ಸರಿಯಿದೆ. ಬರದಿದ್ದರೆ ಫೈರ್‌ವಾಲ್ ಪಿಂಗ್‌ಗೆ ಉತ್ತರಿಸದೆಯೂ ಇರಬಹುದು. ಅಷ್ಟಕ್ಕೇ ತೀರ್ಮಾನಕ್ಕೆ ಬರಬೇಡಿ.

* ಹೆಸರಿನ ಬದಲು \\192.168.1.20 ಹೀಗೆ ವಿಳಾಸ ಬರೆದು ತೆರೆಯಿರಿ. ತೆರೆದರೆ ತೊಂದರೆ ಇರುವುದು ಹೆಸರು ಹುಡುಕುವುದರಲ್ಲಿ ಮಾತ್ರ.

* ವಿಂಡೋಸ್‌ನಲ್ಲಿ ನೆಟ್‌ವರ್ಕ್ ‘ಪ್ರೈವೇಟ್’ ಆಗಿದೆಯೇ? ಫೈಲ್ ಶೇರಿಂಗ್ ಆನ್ ಇದೆಯೇ?

* ಒಂದು ತೀರಾ ಹಳೆಯ ಯಂತ್ರವೇ? ಎಸ್‌ಎಂಬಿ1 ಆನ್ ಮಾಡುವ ಮೊದಲು ಬೇರೆ ದಾರಿ ಹುಡುಕಿ.

* ಪಿನ್ ಅಲ್ಲ, ಪಾಸ್‌ವರ್ಡ್ ಕೊಡಿ. ಲಿನಕ್ಸ್ ಆದರೆ ಸಾಂಬಾದ ಪಾಸ್‌ವರ್ಡ್ ಬೇರೆ ಇಡಬೇಕು.

* ವಿಂಡೋಸ್‌ನಲ್ಲಿ ಅನುಮತಿ ಎರಡು ಕಡೆ ಇರುತ್ತದೆ: ಶೇರ್‌ನದು ಮತ್ತು ಫೋಲ್ಡರಿನದು. ಎರಡರಲ್ಲಿ ಬಿಗಿಯಾದದ್ದೇ ನಡೆಯುತ್ತದೆ.

* ತೆರೆದ ಮೇಲೆ ಕೇಳಿಕೊಳ್ಳಿ: ಇದನ್ನು ಇನ್ನು ಯಾರು ಯಾರು ತೆರೆಯಬಲ್ಲರು? ಅಳಿಸಬಲ್ಲರು? ನಕಲು ಎಲ್ಲಿದೆ?